ಇಂಧನ ಟ್ಯಾಂಕ್: ಗೋಡೆಗಿಂತ ಜಾಗ ಮುಖ್ಯ

ಹಳೆಯ ಕಾರೊಂದರಿಂದ ಬಿಚ್ಚಿ ಉದ್ದಕ್ಕೆ ಕೊಯ್ದಿಟ್ಟಿದ್ದ ಪ್ಲಾಸ್ಟಿಕ್ ಇಂಧನ ಟ್ಯಾಂಕನ್ನು ಈಚೆಗೆ ಕೈಯಲ್ಲಿ ಹಿಡಿದು ನೋಡಿದೆ. ಕೊಯ್ದ ಅಂಚನ್ನು ಬೆಳಕಿಗೆ ತಿರುಗಿಸಿದಾಗ ಕಪ್ಪು ಗೋಡೆಯೊಳಗೆ ನೂಲಿನಂಥ ತಿಳಿ ಗೆರೆಯೊಂದು ಕಾಣಿಸಿತು. ಟ್ಯಾಂಕಿನ ಪ್ಲಾಸ್ಟಿಕ್ಕಾದ ಪಾಲಿಎಥಿಲೀನ್ ಪೆಟ್ರೋಲನ್ನು ಸೋರಗೊಡದಿದ್ದರೂ ಅದರ ಆವಿಯನ್ನು ನಿಧಾನವಾಗಿ ಹೊರಕ್ಕೆ ಬಿಡುತ್ತದೆ. ಅದನ್ನು ತಡೆಯಲೆಂದೇ ಎಥಿಲೀನ್ ವಿನೈಲ್ ಆಲ್ಕೋಹಾಲ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಈ ತೆಳುಪದರವನ್ನು ಎರಡು ಅಂಟುಪದರಗಳ ನಡುವೆ ಸೇರಿಸಿ, ಒಟ್ಟು ಆರು ಪದರಗಳ ಗೋಡೆಯನ್ನು ಒಂದೇ ಬಾರಿಗೆ ಊದಿ ಅಚ್ಚಿಗಿಳಿಸುತ್ತಾರೆ.

ಉಕ್ಕಿನ ಟ್ಯಾಂಕೇ ಹೆಚ್ಚು ಸುರಕ್ಷಿತ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪ್ಲಾಸ್ಟಿಕ್ ತುಕ್ಕು ಹಿಡಿಯುವುದಿಲ್ಲ, ಪೆಟ್ಟು ಬಿದ್ದರೆ ಬಾಗಿಕೊಡುತ್ತದೆ. ಬೆಂಕಿಗೆ ಮೆತ್ತಗಾಗುವುದು ಅದರ ದೌರ್ಬಲ್ಯವಾದ್ದರಿಂದ ವಿಶ್ವಸಂಸ್ಥೆಯ 34ನೇ ವಾಹನ ನಿಯಮವು ಅದನ್ನು ಜ್ವಾಲೆಗೆ ಒಡ್ಡಿಯೇ ಪರೀಕ್ಷಿಸುತ್ತದೆ. ಗೋಡೆ ಯಾವುದೇ ಇರಲಿ, ಟ್ಯಾಂಕ್ ಎಲ್ಲಿ ಕುಳಿತಿದೆ, ಅದಕ್ಕೆ ಏನೇನು ಜೋಡಿಸಿದ್ದಾರೆ ಎಂಬುದೇ ಅಪಘಾತದಲ್ಲಿ ಜೀವ ಉಳಿಸುವುದು ಅಥವಾ ತೆಗೆಯುವುದು.

ಅಮೆರಿಕದ ಫೋರ್ಡ್ ಪಿಂಟೋ ಕಾರಿನಲ್ಲಿ ಟ್ಯಾಂಕ್ ಹಿಂದಿನ ಆಕ್ಸಲ್‌ಗೂ ಬಂಪರಿಗೂ ನಡುವೆ ಇತ್ತು. ಹಿಂದಿನಿಂದ ವಾಹನ ಗುದ್ದಿದರೆ ಟ್ಯಾಂಕ್ ಮುಂದಕ್ಕೆ ನುಗ್ಗಿ ಡಿಫರೆನ್ಷಿಯಲ್‌ನ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆಯ) ಬೋಲ್ಟುಗಳಿಗೆ ತಾಗಿ ತೂತಾಗುವ, ಪೆಟ್ರೋಲ್ ತುಂಬುವ ಕೊಳವೆ ಬುಡದಲ್ಲೇ ಕಿತ್ತುಬರುವ ಅಪಾಯವಿತ್ತು. 1978ರಲ್ಲಿ ಅದೇ ವಿನ್ಯಾಸದ ಸುಮಾರು 15 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ ಮಾಡಿದ ರಿಪೇರಿಯೆಂದರೆ ಒಂದು ಪ್ಲಾಸ್ಟಿಕ್ ತಡೆ, ಇನ್ನಷ್ಟು ಉದ್ದದ ಕೊಳವೆ, ಅಷ್ಟೇ. ಇಷ್ಟು ಸಣ್ಣ ತಿದ್ದುಪಡಿ ಆಗುವ ಮೊದಲು ಜನರು ಸುಟ್ಟು ಸಾಯಬೇಕಾಯಿತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಈಗ ಬಹುತೇಕ ಕಾರುಗಳಲ್ಲಿ ಟ್ಯಾಂಕ್ ಹಿಂದಿನ ಆಕ್ಸಲ್‌ಗಿಂತ ಮುಂದೆ, ಸೀಟಿನ ಅಡಿಯಲ್ಲಿರುತ್ತದೆ. ಅಮೆರಿಕದ ಪರೀಕ್ಷೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಿಂದಿನಿಂದ ಗುದ್ದಿಸುತ್ತಾರೆ. ವಾಹನ ನಿಂತ ಮೊದಲ 5 ನಿಮಿಷಗಳಲ್ಲಿ 142 ಗ್ರಾಮಿಗಿಂತ ಹೆಚ್ಚು ಇಂಧನ ಸೋರಕೂಡದು. ಅನಂತರ ವಾಹನವನ್ನು ಹಂತಹಂತವಾಗಿ ಉರುಳಿಸಿ ಮತ್ತೆ ಅಳೆಯುತ್ತಾರೆ. ಸೋರಿಕೆಯ ಮೇಲೆಯೇ ಇಷ್ಟು ಕಣ್ಣಿಡಲು ಕಾರಣವಿದೆ: ಪೆಟ್ರೋಲ್ ಆವಿ ಹೊತ್ತಿಕೊಳ್ಳುವುದು ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ. 1.4ರಿಂದ 7.6ರ ನಡುವೆ ಇದ್ದಾಗ ಮಾತ್ರ. ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಅದಕ್ಕಿಂತ ದಟ್ಟವಾಗಿರುತ್ತದೆ, ಹೊರಬಂದು ಗಾಳಿಯೊಡನೆ ಬೆರೆತಾಗಲೇ ಅದು ಬೆಂಕಿಗೆ ಸಿದ್ಧವಾಗುತ್ತದೆ.

ಟ್ಯಾಂಕಿನ ಮೇಲ್ಭಾಗದಲ್ಲಿ ಖಾಲಿ ಬಿಡುವ ಜಾಗವೂ ವಿನ್ಯಾಸದ ಭಾಗವೇ, ಬಿಸಿಗೆ ಇಂಧನ ಹಿಗ್ಗುತ್ತದೆ. ಪಂಪಿನ ನಾಝಲ್ ತಾನಾಗಿ ನಿಂತ ಮೇಲೂ ಒತ್ತಿ ತುಂಬಿಸಿದರೆ ಆವಿಯನ್ನಷ್ಟೇ ಹೀರಬೇಕಾದ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ ಅದು ಹಾಳಾಗಬಹುದು. ಹಾಗಾಗಿ ನಾಝಲ್ ಒಮ್ಮೆ ನಿಂತ ಮೇಲೆ ನಾನು ಮತ್ತೆ ತುಂಬಿಸಗೊಡುವುದಿಲ್ಲ.