45 ದಿನಗಳ ಲೆಕ್ಕ

ಬೆಳಗಾವಿಯ ಉದ್ಯಮಬಾಗದ ಒಂದು ಕಂಪನಿಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಪ್ಯಾರಾಲೀಗಲ್ ಆಗಿದ್ದೇನೆ. ನಾನು ವಕೀಲೆಯಲ್ಲ, ಕಂಪನಿ ಸೆಕ್ರೆಟರಿಯೂ ಅಲ್ಲ. ಅವರು ಸಹಿ ಹಾಕುವ ಮುನ್ನ ಕಾಗದಗಳನ್ನು ಹೊಂದಿಸಿ, ತಾರೀಖುಗಳನ್ನು ತಾಳೆ ನೋಡುವುದು ನನ್ನ ಕೆಲಸ. 2013ರ ಕಂಪನಿ ಕಾಯ್ದೆಯ ಪ್ರಕಾರ ವಾರ್ಷಿಕ ಸಭೆ ನಡೆದ 30 ದಿನಗಳೊಳಗೆ ಲೆಕ್ಕಪತ್ರವನ್ನೂ, 60 ದಿನಗಳೊಳಗೆ ವಾರ್ಷಿಕ ವಿವರವನ್ನೂ ಸಲ್ಲಿಸಬೇಕು. ತಪ್ಪಿದರೆ ಒಂದೊಂದು ನಮೂನೆಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ನನ್ನ ಎರಡನೆಯ ವರ್ಷದಲ್ಲಿ, ಸಭೆ ಸೆಪ್ಟೆಂಬರ್ ಮೊದಲ ವಾರದಲ್ಲೇ ಮುಗಿದಿದ್ದರೂ, ನಾನು ಸೆಪ್ಟೆಂಬರ್ 30ರಿಂದ ದಿನ ಎಣಿಸಿದ್ದೆ. ಆ ಶುಲ್ಕವನ್ನು ಕಂಪನಿ ಕಟ್ಟಿತು. ಅಂದಿನಿಂದ ಯಾವ ಕಾಗದ ಕೈಗೆ ಬಂದರೂ, ದಿನ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೇ ಮೊದಲು ಹುಡುಕುತ್ತೇನೆ.

ಈ ಅಭ್ಯಾಸ ಕಚೇರಿಯ ಹೊರಗೂ ನನ್ನ ಜೊತೆ ಬಂದಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ತರಬೇತಿ ಪಡೆದು, ರಜೆಯ ದಿನಗಳಲ್ಲಿ ಸ್ವಯಂಸೇವಕಿಯಾಗಿ ಹಳ್ಳಿಗಳ ಕಾನೂನು ಅರಿವು ಶಿಬಿರಗಳಿಗೆ ಹೋಗುತ್ತೇನೆ. ಬೈಲಹೊಂಗಲ ತಾಲೂಕಿನ ಒಂದು ಶಿಬಿರದಲ್ಲಿ, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಮಾಡಿ ಮಾರುವ ಸ್ವಸಹಾಯ ಸಂಘದ ಹಿರಿಯ ಹೆಣ್ಣುಮಗಳೊಬ್ಬರು ಸೆರಗಿನ ಗಂಟು ಬಿಚ್ಚಿ, ಮಡಿಚಿಟ್ಟ ಚೆಕ್ಕನ್ನು ನನ್ನ ಮುಂದಿಟ್ಟರು. ಖಾನಾವಳಿಯವರೊಬ್ಬರು ಕೊಟ್ಟ ಆ ಚೆಕ್ ಹಣವಿಲ್ಲವೆಂದು ವಾಪಸಾಗಿತ್ತು.

"ನಾಳೆ ಕೊಡ್ತೀನಿ, ನಾಡದ ಕೊಡ್ತೀನಿ ಅಂತ ಹೇಳ್ಕೋತ ಬಂದಾರ್ರೀ ಬಾಯಾರ. ನಾವೂ ನಂಬಿ ಸುಮ್ಮನ ಕುಂತ್ವಿ" ಎಂದರು.

ಚೆಕ್ ಅಮಾನ್ಯವಾದ ಸುದ್ದಿ ಬ್ಯಾಂಕಿನಿಂದ ತಲುಪಿದ 30 ದಿನಗಳೊಳಗೆ ನೋಟಿಸ್ ಹೋಗಬೇಕು, ನೋಟಿಸ್ ಮುಟ್ಟಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. ಅವರ ಬ್ಯಾಂಕಿನ ಚೀಟಿ ಬಂದು ಆಗಲೇ 36 ದಿನಗಳಾಗಿದ್ದವು. ನಂಬಿಕೆಯಿಂದ ಕಾದವರಿಗೇ ಈ ಅವಧಿ ಮೊದಲು ಮುಗಿದುಹೋಗುತ್ತದೆ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಆದರೆ ಚೆಕ್ಕಿನ ಮೇಲಿನ ತಾರೀಖು ಎರಡು ತಿಂಗಳು ಹಿಂದಿನದು. ಚೆಕ್ಕಿಗೆ ಮೂರು ತಿಂಗಳ ಆಯಸ್ಸಿರುವುದರಿಂದ ಅದನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕಲು ಅವಕಾಶವಿತ್ತು. ಸಲಹೆ ಕೊಡುವ ಅಧಿಕಾರ ನನ್ನದಲ್ಲವಾದ್ದರಿಂದ ಅವರನ್ನು ಪ್ರಾಧಿಕಾರದ ವಕೀಲರ ಬಳಿ ಕರೆದೊಯ್ದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಚೆಕ್ ಎರಡನೆಯ ಸಲವೂ ವಾಪಸಾಯಿತು, ಈ ಬಾರಿ ನೋಟಿಸ್ ಆರನೆಯ ದಿನವೇ ಹೋಯಿತು, ಪ್ರಕರಣ ಮುಂದೆ ಲೋಕ ಅದಾಲತ್‌ನಲ್ಲಿ ಮೂರು ಕಂತುಗಳ ಒಪ್ಪಂದವಾಗಿ ಮುಗಿಯಿತು.

ಊರಿಗೆ ಮರಳುವಾಗ ಬಸ್ಸಿನಲ್ಲಿ ನನಗೆ ನೆನಪಾದದ್ದು ನನ್ನದೇ ಮೇಜಿನ ಮೇಲಿನ ಒಂದು ಪಟ್ಟಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕು ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಕೊಡಬೇಕು, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲೇ ಕೊಡಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. 45 ದಿನ ದಾಟಿದ ಬಾಕಿಗಳ ವಿವರವನ್ನು ಕಂಪನಿಗಳು ಏಪ್ರಿಲ್ 30 ಮತ್ತು ಅಕ್ಟೋಬರ್ 31ರೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ಆ ವಿವರವನ್ನು ತಯಾರಿಸುವವಳು ನಾನೇ. ಎರಕದ ಅಚ್ಚು ಮಾಡುವವರು, ಲೇತ್ ಯಂತ್ರವೊಂದನ್ನೇ ನಂಬಿದವರು, ಪ್ಯಾಕಿಂಗ್ ಪೆಟ್ಟಿಗೆ ಕೊಡುವವರು ಅದರಲ್ಲಿ ಬರಿಯ ಹೆಸರು ಮತ್ತು ಮೊತ್ತವಾಗಿ ನಿಂತಿರುತ್ತಾರೆ. ನಾನು ವರ್ಷಗಳ ಕಾಲ ಮೊತ್ತ ಸರಿಯಿದೆಯೇ ಎಂದಷ್ಟೇ ನೋಡಿದ್ದೆ.

ಈಗ ಶಿಬಿರಗಳಲ್ಲಿ ರೊಟ್ಟಿ, ಉಪ್ಪಿನಕಾಯಿ, ಹೊಲಿಗೆಯ ಸಂಘಗಳಿಗೆಲ್ಲ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ನೋಂದಣಿ, ಮಾಡಿಸುತ್ತೇನೆ. ಅದಕ್ಕೆ ಶುಲ್ಕವಿಲ್ಲ, ಮೇಲೆ ಹೇಳಿದ ರಕ್ಷಣೆ ಕೇಳಲು ಅದು ಆಧಾರವಾಗುತ್ತದೆ. ಕಳೆದ ಅಕ್ಟೋಬರ್‌ನಲ್ಲಿ ಪಟ್ಟಿ ಸಲ್ಲಿಸುವ ಮುನ್ನ ಅಕೌಂಟ್ಸ್ ವಿಭಾಗಕ್ಕೆ ಹೋಗಿ, ಒಂದೊಂದು ಬಿಲ್ಲೂ ಏಕೆ ನಿಂತಿದೆ ಎಂದು ಕೇಳಿದೆ. ಹದಿನಾಲ್ಕರಲ್ಲಿ ಒಂಬತ್ತು ಬಿಲ್ಲುಗಳಿಗೆ ಬಾಕಿಯಿದ್ದದ್ದು ಒಂದೇ ಒಂದು ಸಹಿ. ಅದೇ ವಾರ ಅವುಗಳ ಹಣ ಹೋಯಿತು.