ಹಳೇ ಆಟೋಮ್ಯಾಟಿಕ್‌ನ ಗೇರ್ ಆಯಿಲ್: ಒಮ್ಮೆ ಬದಲಾಯಿಸಿ ಕೆಟ್ಟೆ, ಒಮ್ಮೆ ಬೇಡ ಅಂದು ಕೆಟ್ಟೆ

ಶಿರಾಡಿ ಘಾಟಿಯ ಡೋಣಿಗಲ್ ಹತ್ತಿರ ಗಾಡಿ ನಿಂತಿದೆ ಅಂತ ಫೋನ್ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಮೂರು ದಿನದ ಹಿಂದೆ ನಮ್ಮ ಗ್ಯಾರೇಜಿನಿಂದ ಹೋದ ಗಾಡಿ ಅದು. ಡೀಸೆಲ್ ಎಸ್‌ಯುವಿ, ಆರು ಗೇರಿನ ಆಟೋಮ್ಯಾಟಿಕ್, 1.6 ಲಕ್ಷ ಕಿ.ಮೀ. ಓಡಿತ್ತು. ಈಗ ಡಿ ಹಾಕಿದರೆ ಇಂಜಿನ್ ಕೂಗುತ್ತದೆ, ಗಾಡಿ ಅಲ್ಲಾಡುವುದಿಲ್ಲ. ಹಿಂದೆ ಘಾಟಿ ಇಳಿಯುವ ಲಾರಿಗಳ ಸಾಲು. ಮಾಲೀಕರು ಅವತ್ತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಬರೋವಾಗ ಓಡಿಸ್ಕೊಂಡು ಬಂದಿದ್ದೆ ಕಣಯ್ಯಾ. ನೀನು ಮುಟ್ಟಿದ್ಮೇಲೆ ನಿಂತೋಯ್ತು."

ನಾನು ಮುಟ್ಟಿದ್ದು ಆಯಿಲ್ ಮಾತ್ರ.

ಹಾಸನದಲ್ಲಿ ಗ್ಯಾರೇಜ್ ಇಟ್ಟವನಿಗೆ ಶಿರಾಡಿ ಘಾಟಿಯೇ ಪರೀಕ್ಷೆಯ ಕೋಣೆ. ಸಕಲೇಶಪುರದ ತೋಟದವರು, ಮಂಗಳೂರು ಟ್ಯಾಕ್ಸಿಯವರು, ಧರ್ಮಸ್ಥಳಕ್ಕೆ ಹೋಗಿ ಬರುವವರು, ಎಲ್ಲರ ಗಾಡಿಯೂ ಆ ಏರಿನಲ್ಲೇ ತನ್ನ ಕಾಯಿಲೆ ಹೇಳಿಕೊಳ್ಳುತ್ತದೆ. ಈ ಗಾಡಿಯೂ ಹೇಳಿತ್ತು. ಏರಿನಲ್ಲಿ ಮೂರನೇ ಗೇರಿಗೆ ಬಂದ ಕೂಡಲೇ ಆರ್‌ಪಿಎಂ ಸರ್ರನೆ ಮೇಲೆ, ಪಿಕಪ್ ಇಲ್ಲ. ನಾನು ಅದನ್ನು ಕೇಳಿಸಿಕೊಂಡು ಏನು ಹೇಳಿದೆ? "ಆಯಿಲ್ ಹಳೇದಾಗಿದೆ ಸಾರ್, ಬದಲಾಯಿಸಿ ನೋಡೋಣ." ನೋಡೋಣ ಅನ್ನುವ ಈ ಪದ ನಮ್ಮ ಕಸುಬಿನಲ್ಲಿ ಬಹಳ ಜನರನ್ನು ಮುಳುಗಿಸಿದೆ.

ಬೋಲ್ಟ್ ಬಿಚ್ಚಿದಾಗ ಬಂದದ್ದು ಕಪ್ಪು ಡಿಕಾಕ್ಷನ್. ಸೀದ ವಾಸನೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಹೊಸ ಆಯಿಲ್ ಹಾಕಿ, ಬೈಪಾಸ್ ತನಕ ಓಡಿಸಿ, ಚೆನ್ನಾಗಿದೆ ಅಂತ ಕೀ ಕೊಟ್ಟೆ. ಸಮತಟ್ಟು ರಸ್ತೆಯಲ್ಲಿ ಯಾವ ಗಾಡಿ ಚೆನ್ನಾಗಿರಲ್ಲ, ಹೇಳಿ?

ಗೇರ್‌ಬಾಕ್ಸ್ ಇಳಿಸಿ ಬೆಂಗಳೂರಿಗೆ ತಗೊಂಡು ಹೋದೆ. ಕಲಾಸಿಪಾಳ್ಯದಲ್ಲಿ ನನಗೆ ಕೆಲಸ ಕಲಿಸಿದ ಭಾಯ್ ಇದ್ದರು, ಅವರ ಮುಂದೆಯೇ ಬಿಚ್ಚಿಸಿದೆ. ಕ್ಲಚ್ ಪ್ಲೇಟುಗಳ ಮೇಲಿನ ಲೈನಿಂಗ್ ಪೂರಾ ಸವೆದು ಬರೀ ಸ್ಟೀಲ್ ಉಳಿದಿತ್ತು. ಕೆಲವು ನೀಲಿಗಟ್ಟಿದ್ದವು. ಭಾಯ್ ಒಂದು ಪ್ಲೇಟ್ ಎತ್ತಿ ನನ್ನ ಕೈಗೆ ಕೊಟ್ಟರು. "ಇದು ಮೂರು ದಿನದಲ್ಲಿ ಆಗಿದ್ದಲ್ಲ ಬೇಟಾ. ನೀನು ಸತ್ತವನಿಗೆ ಹೊಸ ಬಟ್ಟೆ ಹಾಕಿದ್ದೀಯ."

ಹಾಗಾದರೆ ಹಳೇ ಆಯಿಲ್‌ನಲ್ಲಿ ಹೇಗೆ ಓಡುತ್ತಿತ್ತು ಅಂತ ಕೇಳಿದೆ. ಸವೆದ ಲೈನಿಂಗಿನ ಪುಡಿ ಆಯಿಲ್‌ನಲ್ಲೇ ತೇಲುತ್ತಾ ಒಂದಿಷ್ಟು ಹಿಡಿತ ಕೊಡುತ್ತಿದ್ದಿರಬಹುದು ಅಂದರು. ಇನ್ನೊಂದು ವಾರವೋ, ಹದಿನೈದು ದಿನವೋ ಕುಂಟುತ್ತಾ ಓಡುತ್ತಿತ್ತು. ಅಷ್ಟೇ. "ಹಳೇ ಗಾಡಿಗೆ ಆಯಿಲ್ ಬದಲಾಯಿಸಿದರೆ ಗೇರ್‌ಬಾಕ್ಸ್ ಹೋಗುತ್ತೆ" ಅನ್ನುವ ಮಾತು ಊರೂರು ಸುತ್ತುವುದು ಇಂಥ ಗಾಡಿಗಳಿಂದಲೇ. ಜನ ಆಯಿಲ್ ಬಗ್ಗೆ ಯೋಚನೆ ಮಾಡುವುದೇ ಗೇರ್ ಸ್ಲಿಪ್ ಆಗಲು, ಅಂದರೆ ಇಂಜಿನ್ ಕೂಗಿದರೂ ಗಾಡಿ ಎಳೆಯದೇ ಇರಲು ಶುರುವಾದ ಮೇಲೆ. ಬದಲಾಯಿಸುತ್ತಾರೆ, ಅದು ನಿಲ್ಲುತ್ತದೆ, ಕೆಟ್ಟ ಹೆಸರು ಆಯಿಲ್‌ಗೆ ಬರುತ್ತದೆ.

ರಿಪೇರಿಯ ಅರ್ಧ ಖರ್ಚು ನಾನೇ ಹೊತ್ತೆ. ದುಡ್ಡಿಗಿಂತ ಜಾಸ್ತಿ ಭಯ ಕೂತುಬಿಟ್ಟಿತು.

ಮುಂದಿನ ಎರಡು ವರ್ಷ, ಒಂದು ಲಕ್ಷ ದಾಟಿದ ಆಟೋಮ್ಯಾಟಿಕ್ ಬಂದರೆ ನನ್ನ ಉತ್ತರ ಒಂದೇ: "ಓಡ್ತಾ ಇದೆ ಅಲ್ವಾ, ಸುಮ್ನೆ ಯಾಕೆ ಮುಟ್ಟೋದು." ಹಾಗೆ ಕೇಳಿದವರಲ್ಲಿ ನಿವೃತ್ತ ಮೇಷ್ಟ್ರೊಬ್ಬರೂ ಇದ್ದರು. ಅವರದು 1.1 ಲಕ್ಷ ಓಡಿದ ಸೆಡಾನ್. ಗೇರ್ ಬೀಳುವುದು ಗೊತ್ತೇ ಆಗುತ್ತಿರಲಿಲ್ಲ, ಬೆಣ್ಣೆ ಹಾಗೆ. ಎರಡು ಸಲ ಕೇಳಿದರು. ಎರಡು ಸಲವೂ ಬೇಡ ಅಂದೆ.

ಗಾಡಿ 1.7 ಲಕ್ಷಕ್ಕೆ ಬಂದಾಗ ಅರವತ್ತರ ಸ್ಪೀಡಿನಲ್ಲಿ ಗಡಗಡ ನಡುಗುತ್ತಿತ್ತು, ರಂಬಲ್ ಪಟ್ಟಿ ಮೇಲೆ ಹೋದ ಹಾಗೆ. ಪಾರ್ಕಿನಿಂದ ರಿವರ್ಸಿಗೆ ಹಾಕಿದರೆ ಎರಡು ಸೆಕೆಂಡ್ ತಡೆದು ಆಮೇಲೆ ಧಡ್ ಅಂತ ಒದೆಯುತ್ತಿತ್ತು. ಯಾವ ಗೇರಿಗೆ ಆಯಿಲ್ ಪ್ರೆಶರ್ ಹೋಗಬೇಕು ಅಂತ ಹಂಚುವ ವಾಲ್ವ್ ಬಾಡಿ ಒಳಗೆ, ಕರೆಂಟಿನಲ್ಲಿ ತೆರೆದು ಮುಚ್ಚುವ ಪುಟ್ಟ ವಾಲ್ವುಗಳಾದ ಸೊಲೆನಾಯ್ಡ್‌ಗಳಿಗೆ ಮಡ್ಡಿ ಕಟ್ಟಿತ್ತು. ಎಸ್ಟಿಮೇಟ್ ಹೇಳುವಾಗ ನನ್ನ ಬಾಯಿ ಒಣಗಿತು. ಮೇಷ್ಟ್ರು ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು, "ನೀವೇ ಬೇಡ ಅಂದಿದ್ರಲ್ಲಪ್ಪಾ" ಅಂದರು. ಡೋಣಿಗಲ್‌ನ ಬೈಗುಳಕ್ಕಿಂತ ಇದು ಜೋರಾಗಿ ಬಿತ್ತು. ನನ್ನ ಹೆಸರು ಉಳಿಸಿಕೊಳ್ಳಲು ಅವರ ಗಾಡಿಯನ್ನು ಕೆಡಲು ಬಿಟ್ಟಿದ್ದೆ.

ಈ ಎರಡು ಗಾಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಹೊಳೆಯಿತು. ಎರಡು ಸಲವೂ ನಾನು ಮೀಟರ್ ನೋಡಿ ಮಾತಾಡಿದ್ದೆ. ಗೇರ್‌ಬಾಕ್ಸ್ ಹೇಗಿದೆ ಅಂತ ನೋಡಿರಲಿಲ್ಲ.

ಈ ಆಯಿಲ್ ಮಾಡುವ ಕೆಲಸ ಗೊತ್ತಿದ್ದರೆ ಉಳಿದದ್ದು ಸಲೀಸು. ಇಂಜಿನ್ ಆಯಿಲ್‌ಗೆ ಜಾರಿಸುವುದು, ತಂಪು ಮಾಡುವುದು, ಕೊಳೆ ಹಿಡಿಯುವುದು ಮುಖ್ಯ ಕೆಲಸ. ಆಟೋಮ್ಯಾಟಿಕ್ ಆಯಿಲ್‌ಗೆ ಅದರ ಮೇಲೆ ಇನ್ನೂ ಇದೆ. ಟಾರ್ಕ್ ಕನ್ವರ್ಟರ್ ಒಳಗೆ ಎದುರುಬದುರು ಎರಡು ಫ್ಯಾನ್ ಇರುವ ಹಾಗೆ ನೆನೆಸಿಕೊಳ್ಳಿ. ಒಂದು ತಿರುಗಿ ಆಯಿಲ್ ಎಸೆಯುತ್ತದೆ, ಆ ಆಯಿಲ್ ಇನ್ನೊಂದನ್ನು ತಿರುಗಿಸುತ್ತದೆ. ಗಾಡಿ ಹೊರಡುವಾಗ ಇಂಜಿನ್ ಶಕ್ತಿ ದಾಟುವುದು ಆಯಿಲ್ ಮೂಲಕವೇ. ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಅದರ ಪ್ರೆಶರ್. ತಮಾಷೆ ಏನೆಂದರೆ, ಅದೇ ಆಯಿಲ್ ಬೇರಿಂಗಿನ ಹತ್ತಿರ ಜಾರಬೇಕು, ಪ್ಲೇಟುಗಳ ನಡುವೆ ಹಿಡಿಯಬೇಕು. ಇದಕ್ಕಾಗಿ ಬೆರೆಸುವ ಅಂಶಗಳು ಬಿಸಿಗೆ ನಿಧಾನವಾಗಿ ಸಾಯುತ್ತವೆ. ಬೆಂಗಳೂರಿನ ಟ್ರಾಫಿಕ್, ಘಾಟಿ ಏರು, ತುಂಬಿದ ಲೋಡ್, ಇವೆಲ್ಲ ಬಿಸಿಯೇ. (ಅಮೆರಿಕದಲ್ಲಿ 1970ರ ದಶಕದ ಶುರುವಿನವರೆಗೂ ಈ ಕೆಲಸಕ್ಕೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ನಮ್ಮ ಹುಡುಗನಿಗೆ ಹೇಳಿದರೆ ನಂಬಲೇ ಇಲ್ಲ.)

"ಲೈಫ್‌ಟೈಮ್ ಆಯಿಲ್ ಅಂತ ಶೋರೂಮಲ್ಲಿ ಹೇಳಿದ್ರು" ಅಂತ ಎಷ್ಟೋ ಜನ ಹೇಳುತ್ತಾರೆ. ಯಾರ ಲೈಫ್ ಅಂತ ಕೇಳಿ. ಎಷ್ಟೋ ಕಾರ್ ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್, ತನ್ನ ಬಾಕ್ಸುಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ ಎಂಟು ವರ್ಷಕ್ಕೆ ಆಯಿಲ್ ಬದಲಾಯಿಸಿ ಅನ್ನುತ್ತದೆ. ಬಾಕ್ಸ್ ಮಾಡಿದವನ ಮಾತೇ ಹೀಗಿದೆ.

ಈಗ ನಾನು ಮಾಡುವುದು ಇಷ್ಟು. ಗಾಡಿ ರ‍್ಯಾಂಪ್ ಹತ್ತುವ ಮುಂಚೆ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಏರು ಹತ್ತಿಸುತ್ತೇನೆ. ಬೈಪಾಸ್ ಅಲ್ಲ, ಏರು. ಗೇರ್ ಬದಲಾಗುವಾಗ ಆರ್‌ಪಿಎಂ ಹಾರುತ್ತದಾ, ನ್ಯೂಟ್ರಲ್‌ನಿಂದ ಡಿ ಮತ್ತು ಆರ್‌ಗೆ ಎಷ್ಟು ತಡ, ನಡುಕ ಇದೆಯಾ. ಸ್ಕ್ಯಾನರ್ ಹಾಕಿ ಕೋಡ್ ನೋಡುತ್ತೇನೆ. ಹಳೇ ಬಿಲ್ ಇದ್ದರೆ ಕೇಳುತ್ತೇನೆ. ಆಮೇಲೆ ಎರಡು ಹನಿ ಆಯಿಲ್ ಬಿಳಿ ಟಿಶ್ಯೂ ಮೇಲೆ. ಕೆಂಪೋ ಕಂದೋ ಆಗಿ ಹರಡಿದರೆ ಸಂತೋಷ. ನಡುವೆ ಕಪ್ಪು ಚುಕ್ಕೆ ಕೂತು, ಸೀದ ವಾಸನೆ ಬಂದರೆ ಮಾತಾಡುವುದಿದೆ. ರೋಸ್ ಮಿಲ್ಕ್ ಹಾಗೆ ಕಂಡರೆ ರೇಡಿಯೇಟರ್ ನೀರು ಒಳಗೆ ಸೇರಿದೆ, ಆ ಗಾಡಿಯನ್ನು ಮತ್ತೆ ಸ್ಟಾರ್ಟ್ ಕೂಡ ಮಾಡಬಾರದು.

ಚೆನ್ನಾಗಿ ಓಡುತ್ತಿರುವ ಗಾಡಿಗೆ, ಅದು ಎರಡು ಲಕ್ಷ ಓಡಿರಲಿ, ಬದಲಾಯಿಸಿ ಅನ್ನುತ್ತೇನೆ. ನಡುಕ ಮಾತ್ರ ಇದ್ದರೂ ಬದಲಾಯಿಸುತ್ತೇನೆ, ಯಾಕೆಂದರೆ ಓಡುವಾಗ ಕನ್ವರ್ಟರ್‌ನ ಎರಡು ಬದಿ ಒಂದಕ್ಕೊಂದು ಲಾಕ್ ಆಗುವಾಗಿನ ನಡುಕ ಎಷ್ಟೋ ಸಲ ಹೊಸ ಆಯಿಲ್‌ಗೇ ಹೋಗುತ್ತದೆ. ಸ್ಲಿಪ್ ಇದ್ದರೆ ಮಾತ್ರ ಕೈ ಹಾಕುವುದಿಲ್ಲ. ಆಯಿಲ್‌ಗೆ ಸುರಿಯುವ ದುಡ್ಡನ್ನು ಗೇರ್‌ಬಾಕ್ಸ್ ಕೆಲಸಕ್ಕೆ ಇಟ್ಟುಕೊಳ್ಳಿ ಅನ್ನುತ್ತೇನೆ. ಏನೇ ಆದರೂ ನೋಡಿದ್ದನ್ನೆಲ್ಲ ಜಾಬ್ ಕಾರ್ಡ್ ಮೇಲೆ ಬರೆದು, ಬೋಲ್ಟ್ ಬಿಚ್ಚುವ ಮುಂಚೆ ಸಹಿ ಹಾಕಿಸಿಕೊಳ್ಳುತ್ತೇನೆ. ಬಿಚ್ಚಿದ ಮೇಲೆ ಹೇಳಿದರೆ ಅದು ನೆಪ ಆಗುತ್ತದೆ.

ಬದಲಾಯಿಸುವ ರೀತಿಯ ಬಗ್ಗೆ ನನಗೆ ಸ್ವಲ್ಪ ಹಠ ಇದೆ. ಮಷಿನ್ ಹಾಕಿ ಪ್ರೆಶರ್‌ನಲ್ಲಿ ತಳ್ಳುವ ಫ್ಲಶ್ ಹಳೇ ಗಾಡಿಗೆ ಮಾಡುವುದಿಲ್ಲ. ಮೂಲೆಯಲ್ಲಿ ಕೂತ ಮಡ್ಡಿಯನ್ನು ಎಬ್ಬಿಸಿ ವಾಲ್ವ್ ಬಾಡಿಗೆ ಕಳಿಸಿದ ಹಾಗಾಗುತ್ತದೆ. ಬೋಲ್ಟ್ ಬಿಚ್ಚಿ ಇಳಿದಷ್ಟು ಇಳಿಸಿ, ಅಷ್ಟೇ ತುಂಬುವುದು. ಕನ್ವರ್ಟರ್, ಕೂಲರ್ ಒಳಗಿನದು ಇಳಿಯುವುದಿಲ್ಲವಾದ್ದರಿಂದ ಒಂದು ಸಲಕ್ಕೆ ಸುಮಾರು ಅರ್ಧ ಮಾತ್ರ ಹೊಸದಾಗುತ್ತದೆ. ಎಂಟು ಲೀಟರ್ ಹಿಡಿಯುವ ಬಾಕ್ಸಿನಿಂದ ನಾಲ್ಕು ಇಳಿಯಿತು ಅಂದುಕೊಳ್ಳಿ. ಐನೂರೋ ಸಾವಿರವೋ ಕಿ.ಮೀ. ಓಡಿಸಿ ಮತ್ತೆ ಮಾಡಿದರೆ ಮುಕ್ಕಾಲು ಭಾಗ ಹೊಸದು. ಮೂರನೇ ಸಲಕ್ಕೆ ಎಂಟರಲ್ಲಿ ಏಳು ಪಾಲು. ಗೇರ್‌ಬಾಕ್ಸಿಗೆ ಇದು ಮೆತ್ತಗೆ, ಜೇಬಿಗೂ ಕಂತಿನ ಹಾಗೆ. ತಳದ ಆಯಿಲ್ ತಟ್ಟೆ (ಪ್ಯಾನ್) ಬಿಚ್ಚುವ ಮಾದರಿಯಾದರೆ ಫಿಲ್ಟರ್, ಪ್ಯಾಕಿಂಗ್ ಬದಲಾಗುತ್ತದೆ. ಒಳಗಿನ ಮ್ಯಾಗ್ನೆಟ್ ನಾನೇ ಒರೆಸುತ್ತೇನೆ. ಬೂದು ಬಣ್ಣದ ನುಣ್ಣನೆ ಕೆಸರು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮಾಲೀಕರಿಗೆ ಫೋನ್.

ಹೊಸ ಹುಡುಗರಿಗೆ ಮೊದಲು ಕಲಿಸುವುದು: ತುಂಬುವ ಬೋಲ್ಟ್ ಬಿಚ್ಚಿ ನೋಡಿ, ಆಮೇಲೆ ಇಳಿಸುವ ಬೋಲ್ಟ್ ಮುಟ್ಟು. ಆಯಿಲ್ ಪೂರಾ ಇಳಿದ ಮೇಲೆ ತುಕ್ಕು ಹಿಡಿದ ಫಿಲ್ಲರ್ ಬೋಲ್ಟ್ ಬರದೆ ಒಂದು ಗಾಡಿ ನಮ್ಮಲ್ಲಿ ಎರಡು ದಿನ ಕೂತಿತ್ತು. ಇಳಿದದ್ದನ್ನು ಅಳೆಯಬೇಕು. ಡಿಪ್‌ಸ್ಟಿಕ್ ಇಲ್ಲದ ಬಾಕ್ಸಿಗೆ ಲೆವೆಲ್ ನೋಡುವುದು ಇಂಜಿನ್ ಓಡುವಾಗ, ಎಲ್ಲ ಗೇರಿಗೂ ಒಮ್ಮೆ ಹಾಕಿ ತೆಗೆದ ಮೇಲೆ, ಆಯಿಲ್‌ನ ಬಿಸಿ ಗಾಡಿ ಕಂಪನಿ ಹೇಳಿದಷ್ಟಿದ್ದಾಗ. ಹೆಚ್ಚಿನವಕ್ಕೆ ಅದು 35ರಿಂದ 60 ಡಿಗ್ರಿ ಒಳಗೆ ಬರುತ್ತದೆ, ಸ್ಕ್ಯಾನರ್‌ನಲ್ಲೇ ಕಾಣುತ್ತದೆ. ಅಂದಾಜಿಗೆ ತುಂಬಿ ಕಳಿಸಿದ ಗಾಡಿ ವಾಪಸ್ ಬಂದೇ ಬರುತ್ತದೆ.

ಇನ್ನು ಆಯಿಲ್ ಯಾವುದು ಅನ್ನುವುದು. ನಮ್ಮಲ್ಲಿ ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಆಟೋಮ್ಯಾಟಿಕ್. ಆದರೆ ಎಎಂಟಿ ಅಂದರೆ ಮ್ಯಾನುಯಲ್ ಬಾಕ್ಸೇ, ಕ್ಲಚ್ ತುಳಿಯುವ ಕೆಲಸ ಯಂತ್ರ ಮಾಡುತ್ತದೆ, ಅದಕ್ಕೆ ಸಾದಾ ಗೇರ್ ಆಯಿಲ್. ಗೇರಿನ ಬದಲು ಬೆಲ್ಟ್, ಪುಲ್ಲಿ ಮೇಲೆ ಓಡುವ ಸಿವಿಟಿಗೆ ಅದರದೇ ಆಯಿಲ್, ಹೋಂಡಾದವರದು ಎಚ್‌ಸಿಎಫ್-2. ಎರಡು ಕ್ಲಚ್ ಇರುವ ಡಿಸಿಟಿಗೆ ಇನ್ನೊಂದು. ಟಾರ್ಕ್ ಕನ್ವರ್ಟರ್‌ನಲ್ಲೂ ಟೊಯೋಟಾದ ಡಬ್ಲ್ಯೂಎಸ್ ಬೇರೆ, ಹ್ಯುಂಡೈನ ಎಸ್‌ಪಿ-4 ಬೇರೆ. ಎಲ್ಲದಕ್ಕೂ ಆಗುತ್ತೆ ಅಂತ ಅಂಗಡಿಯವನು ಕೊಡುವ ಡಬ್ಬಿಯನ್ನು ಸಿವಿಟಿಗೆ ಸುರಿದವರನ್ನು ನೋಡಿದ್ದೇನೆ. ಗಾಡಿಯ ಪುಸ್ತಕ ತೆಗೆದು ನೋಡಲು ಎರಡು ನಿಮಿಷ ಸಾಕು.

ಮೇಷ್ಟ್ರ ವಾಲ್ವ್ ಬಾಡಿ ಕೆಲಸಕ್ಕೆ ನಾನು ಕೂಲಿ ತಗೊಳ್ಳಲಿಲ್ಲ. ಅವರು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಹೋದ ವಾರ ಅದೇ ಗಾಡಿ 2.1 ಲಕ್ಷಕ್ಕೆ ಆಯಿಲ್ ಬದಲಾಯಿಸಲು ಬಂತು. ಇಳಿದದ್ದು ಕಂದು ಮಿಶ್ರಿತ ಕೆಂಪು, ವಾಸನೆ ಇಲ್ಲ. ಮೇಷ್ಟ್ರು ಸ್ಟೂಲ್ ಮೇಲೆ ಕೂತು ಟೀ ಕುಡಿಯುತ್ತಾ, ಹುಡುಗನ ಕೈಯಿಂದ ಜಾಬ್ ಕಾರ್ಡ್ ಇಸಕೊಂಡು, ಅವನು ಬರೆದಿದ್ದ "ಮ್ಯಾಗ್ನೇಟ್" ತಿದ್ದಿ ಸಹಿ ಹಾಕಿದರು.