ಪರ್ಸೆಂಟೇಜ್ ಅಜ್ಜಿಯೂ ಕಿಳ್ಳೇಕ್ಯಾತನೂ: ಗೊಂಬೆ ಕೆಲಸ ಎಲ್ಲಿಗೆ ಬಂತು

ಜುಲೈ

ಕೊಪ್ಪಳ ಜಿಲ್ಲೆಯ ನಮ್ಮೂರಿನ ಅರಿವು ಕೇಂದ್ರದಲ್ಲಿ, ಅಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಭಾನುವಾರದ ಗೊಂಬೆ ಕೆಲಸ ಒಂದು ಹದಕ್ಕೆ ಬಂದಿದೆ. ಬರುವವರಲ್ಲಿ ಪಿಯುಸಿ ಓದುವವರಿದ್ದಾರೆ, ನಪಾಸಾಗಿ ಮನೆಯಲ್ಲಿ ಕುಳಿತವರಿದ್ದಾರೆ, ಓದು ಬಿಟ್ಟು ಗ್ಯಾರೇಜಿಗೆ ಹೋಗುವವರೂ ಇದ್ದಾರೆ. ಮಾನಸಿಕ ಆರೋಗ್ಯದ ಶಿಬಿರ ಎಂದು ಡಂಗುರ ಹೊಡೆಸಿದ್ದರೆ ಒಬ್ಬರೂ ಇತ್ತ ತಲೆ ಹಾಕುತ್ತಿರಲಿಲ್ಲ. ಗೊಂಬೆ ಮಾಡಿ ಆಡಿಸೋಣ ಎಂದಾಗ ಬಂದರು. ಹಾಗೆಂದು ಉದ್ದೇಶವನ್ನು ಬಚ್ಚಿಟ್ಟಿಲ್ಲ. ಮನಸ್ಸಿಗೆ ಭಾರವಾದದ್ದನ್ನು ಗೊಂಬೆಯ ಬಾಯಲ್ಲಿ ಆಡಿಸಲು ಇಲ್ಲಿ ಜಾಗವಿದೆ ಎಂದು ಅವರಿಗೂ ಅವರ ಮನೆಯವರಿಗೂ ಮೊದಲೇ ಹೇಳಿದ್ದೇನೆ.

ತೊಗಲು ಗೊಂಬೆ ನಮ್ಮ ಸೀಮೆಗೆ ಹೊಸದಲ್ಲ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಮೇಲಂತೂ ಹುಡುಗರು ಆ ಹೆಸರನ್ನು ತಮ್ಮ ಮನೆಯವರದೆಂಬಂತೆ ಹೇಳುತ್ತಾರೆ. ಆದರೆ ಮೇಕೆಯ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ, ತೂತು ಕೊರೆದು, ಬಣ್ಣ ತುಂಬುವುದು ಆ ಮನೆತನಗಳ ತಲೆಮಾರುಗಳ ವಿದ್ಯೆ. ನಮ್ಮದು ಕಾಗದದ ಗೊಂಬೆ. ಪೋಸ್ಟರ್ ಬಣ್ಣ ಬೆಳಕನ್ನು ತಡೆಯುವುದರಿಂದ ಪರದೆಯ ಮೇಲೆ ಕೆಂಪು, ಹಸಿರು ಎಲ್ಲವೂ ಕಪ್ಪಾಗಿಯೇ ಕಾಣುತ್ತವೆ. ಅದಕ್ಕೇ ತೆಳ್ಳಗೆ ಜಲವರ್ಣ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಿಂಬದಿಗೆ ಕೊಬ್ಬರಿ ಎಣ್ಣೆ ಸವರುತ್ತೇವೆ. ಎಣ್ಣೆ ಮೊದಲು, ಬಣ್ಣ ಆಮೇಲೆ ಎಂದರೆ ಬಣ್ಣ ಹಿಡಿಯುವುದೇ ಇಲ್ಲ. ಮೊಣಕೈ, ಭುಜಗಳಲ್ಲಿ ತೂತು ಮಾಡಿ ದಾರದ ಗಂಟು, ಆಡಿಸಲು ಬಿದಿರಿನ ಕಡ್ಡಿ, ಪರದೆಗೆ ಬಿಳಿ ಪಂಚೆ. ಟ್ಯೂಬ್‌ಲೈಟಿನ ಉದ್ದನೆಯ ಬೆಳಕಿಗೆ ನೆರಳಿನ ಅಂಚು ಕದಡಿ ಹೋಗುವುದರಿಂದ ಅದನ್ನು ಆರಿಸಿ ಒಂದೇ ಸಣ್ಣ ಬಲ್ಬು ಹಚ್ಚುತ್ತೇವೆ.

ಆಗಸ್ಟ್

ಗೊಂಬೆಗಳಿಗೆ ಈಗ ಪಾತ್ರ ಬಂದಿದೆ. ನಾನು ಕೊಟ್ಟ ಸೂಚನೆ ಇಷ್ಟೇ: ನಿಮ್ಮ ಗೊಂಬೆ ಬೇಡ, ನಿಮ್ಮನ್ನು ಕಾಡುವುದರ ಗೊಂಬೆ ಮಾಡಿ.

ಇದು ನನ್ನ ತಲೆಯಿಂದ ಹೊರಟದ್ದಲ್ಲ. ಆಸ್ಟ್ರೇಲಿಯಾದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ 1980ರ ದಶಕದಲ್ಲಿ ಬೆಳೆಸಿದ ಕಥನ ಚಿಕಿತ್ಸೆಯಲ್ಲಿ ತೊಂದರೆಯನ್ನು ವ್ಯಕ್ತಿಯಿಂದ ಬೇರ್ಪಡಿಸಿ, ಅದಕ್ಕೊಂದು ಹೆಸರಿಟ್ಟು ಮಾತನಾಡಿಸುತ್ತಾರೆ. ಬಟ್ಟೆಯಲ್ಲೇ ಮಲ ಮಾಡಿಕೊಳ್ಳುತ್ತಿದ್ದ ಆರು ವರ್ಷದ ಹುಡುಗನೊಬ್ಬನ ವಿಷಯದಲ್ಲಿ ವೈಟ್ ಆ ಕಾಟಕ್ಕೇ ಒಂದು ಕಳ್ಳನ ಹೆಸರು ಕೊಟ್ಟರು. ಅಪ್ಪ, ಅಮ್ಮ, ಮಗ ಮೂವರೂ ಒಂದಾಗಿ ಆ ಕಳ್ಳನ ವಿರುದ್ಧ ನಿಂತರು. ನಾನು ಬ್ಯಾಂಕಿನ ಗುಮಾಸ್ತೆ, ಚಿಕಿತ್ಸೆ ನನ್ನ ಕೆಲಸವಲ್ಲ. ಹೆಸರಿಡುವ ಉಪಾಯವನ್ನಷ್ಟೇ ಎರವಲು ತಂದಿದ್ದೇನೆ.

ಗೊಂಬೆಗಳು ಬಂದವು ನೋಡಿ! ರಾತ್ರಿ ಎರಡಕ್ಕೆ ಎಬ್ಬಿಸುವ ಮೊಬೈಲ್ ಭೂತ. ಕನ್ನಡಿಯೊಳಗೆ ಕುಳಿತು ಬಣ್ಣ ಕಪ್ಪೆಂದು ಹೀಯಾಳಿಸುವ ಅತ್ತೆ. ಎಲ್ಲಕ್ಕಿಂತ ಗಟ್ಟಿ ಪಾತ್ರ ಪರ್ಸೆಂಟೇಜ್ ಅಜ್ಜಿ. ಮದುವೆ ಮನೆ, ಬಸ್ ನಿಲ್ದಾಣ, ಹಿಟ್ಟಿನ ಗಿರಣಿ, ಎಲ್ಲಿ ಹೋದರೂ ಹಾಜರಾಗಿ ‘ಎಷ್ಟು ಬಂತು?’ ಎಂದು ಕೇಳುವವಳು. ಅವಳ ಕೈಯ ಕೋಲು ಮೈಗಿಂತ ಉದ್ದ.

ಅಜ್ಜಿಯನ್ನು ಎದುರಿಸಲು ಯಾರಿಗೂ ಧೈರ್ಯವಾಗದಿದ್ದಾಗ ಗ್ಯಾರೇಜಿನ ಹುಡುಗ ತೊಗಲು ಗೊಂಬೆಯಾಟದ ವಿದೂಷಕ ಕಿಳ್ಳೇಕ್ಯಾತನನ್ನು ಕರೆತಂದ. ನಮ್ಮ ಸೀಮೆಯ ಆ ಆಟದಲ್ಲಿ ರಾಮ, ರಾವಣರ ನಡುವೆಯೂ ನುಗ್ಗಿ, ಹೆಂಡತಿ ಬಂಗಾರಕ್ಕನೊಡನೆ ಜಗಳವಾಡಿ, ದೊಡ್ಡವರನ್ನೂ ಗೇಲಿ ಮಾಡುವ ಹಕ್ಕು ಅವನಿಗೆ ಮೊದಲಿಂದಲೂ ಇದೆ. ಡೊಳ್ಳು ಹೊಟ್ಟೆ ಕುಣಿಸುತ್ತ ಬಂದವನೇ ಕೇಳಿದ:

“ಅಜ್ಜಿ, ನಿನಗೆ ಎಷ್ಟು ಬಂದಿತ್ತು?”

“ನಾನು ಶಾಲೆಯ ಮೆಟ್ಟಿಲೇ ಹತ್ತಿಲ್ಲ.”

“ಹಾಗಾದರೆ ನಿನ್ನನ್ನು ಇಲ್ಲಿಗೆ ಕಳಿಸಿದವರು ಯಾರು?”

ನಗುವಿನ ನಡುವೆ ಅಜ್ಜಿಯ ಕೋಲು ಕೆಳಗಿಳಿಯಿತು. “ಇವನ ಅಪ್ಪನ ಸಾಲ” ಎಂದಳು.

ಅಜ್ಜಿಯನ್ನು ಆಡಿಸುತ್ತಿದ್ದ ಹುಡುಗ ಅಲ್ಲಿಯವರೆಗೆ ಮನೆಯ ಸುದ್ದಿ ಎತ್ತಿದವನೇ ಅಲ್ಲ. ನೇರವಾಗಿ ಕೇಳಿದ್ದರೆ ‘ಏನೂ ಇಲ್ಲ ಅಕ್ಕ, ಆರಾಮ’ ಎಂದುಬಿಡುತ್ತಿದ್ದ. ಪಂಚೆಯ ಹಿಂದೆ ನಿಂತಾಗ ಮಾತು ಅವನದೂ ಹೌದು, ಅಜ್ಜಿಯದೂ ಹೌದು. ಬೇಕಾದರೆ ನಾಳೆ ಅದು ಅಜ್ಜಿಯ ಮಾತು ಎಂದು ಕೈ ತೊಳೆದುಕೊಳ್ಳಬಹುದು. ಈ ಅನುಕೂಲವನ್ನು ಕೆಡಿಸಬಾರದು. ಆಟ ಮುಗಿದ ಮೇಲೆ ಸಾಲದ ಬಗ್ಗೆ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವೇದಿಕೆಗೆ ಕರೆದು ‘ನಿನ್ನ ಕಥೆ ಹೇಳು’ ಎಂದು ಮೈಕು ಹಿಡಿಸುವ ಕಾರ್ಯಕ್ರಮಗಳು ನನಗೆ ಹಿಡಿಸದಿರುವುದೂ ಇದೇ ಕಾರಣಕ್ಕೆ.

ಸೆಪ್ಟೆಂಬರ್

ಸಮಯದ ಹಂಚಿಕೆ ಬದಲಾಯಿಸಿದ್ದೇನೆ. ಕಾಡುವ ಗೊಂಬೆಗಳ ಆಟ ಮೊದಲು, ಕೊನೆಯ ಅರ್ಧ ಗಂಟೆ ಪೂರ್ತಿ ಕಿಳ್ಳೇಕ್ಯಾತ, ಬಂಗಾರಕ್ಕರ ಪ್ರಹಸನ, ಚಹಾ, ಚುರುಮುರಿ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಪ್ರಕಟಿಸಿದ ಪ್ರಯೋಗ ಇದಕ್ಕೆ ಪ್ರೇರಣೆ. ಕಾಲೇಜು ವಿದ್ಯಾರ್ಥಿಗಳು 4 ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ಕಹಿ ಘಟನೆಗಳನ್ನು ಬರೆದರು. ಘಟನೆಯ ಜೊತೆಗೆ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾಯಿತು. ಎಲ್ಲರೂ ಉಲ್ಲೇಖಿಸುವುದು ಇಷ್ಟನ್ನೇ. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು ಎಂಬುದೂ ಅದೇ ಪ್ರಯೋಗದಲ್ಲಿದೆ. ಗಾಯ ಬಿಚ್ಚಿದ ಹುಡುಗರನ್ನು ಹಾಗೆಯೇ ಸಂಜೆಯ ಬಸ್ಸಿಗೆ ಹತ್ತಿಸಿ ಕಳಿಸುವುದು ಸರಿಯಲ್ಲ.

ಅಕ್ಟೋಬರ್

ಒಂದು ಗೊಂಬೆಯ ಬಗ್ಗೆ ಇಲ್ಲಿ ವಿವರ ಬರೆಯುವುದಿಲ್ಲ. ಅದನ್ನು ಮಾಡಿದವರನ್ನು ಪಕ್ಕಕ್ಕೆ ಕರೆದು, ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಅದು ನಿಜವಲ್ಲ, ಕೇಳಿದರೆ ಹೆಚ್ಚಿನವರಿಗೆ ಹಗುರವೇ ಆಗುತ್ತದೆ. ಇಂಥದ್ದನ್ನು ಗುಟ್ಟಾಗಿ ಇಡುವುದಿಲ್ಲ ಎಂಬುದು ಮೊದಲ ದಿನವೇ ಎಲ್ಲರಿಗೂ ಹೇಳಿದ ನಿಯಮ. ಇಬ್ಬರೂ ಕುಳಿತು 14416ಕ್ಕೆ ಕರೆ ಮಾಡಿದೆವು. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ಸಹಾಯವಾಣಿ. ಹಗಲೂ ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ಆಮೇಲೆ ಮನೆಯವರೊಂದಿಗೆ ಆಸ್ಪತ್ರೆಗೆ ಹೋದದ್ದಾಯಿತು. ಗೊಂಬೆಯ ಪಾತ್ರ ಅಲ್ಲಿಗೆ ಮುಗಿಯಿತು, ಮುಂದಿನದು ವೈದ್ಯರದು.

‘ಹುಚ್ಚರ ಆಸ್ಪತ್ರೆಗೆ ಬೆಂಗಳೂರಿಗೇ ಹೋಗಬೇಕಲ್ಲ’ ಎಂದು ಊರಲ್ಲಿ ಈಗಲೂ ಹೇಳುವವರಿದ್ದಾರೆ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಯ ಮಟ್ಟದಲ್ಲೇ ಕೊಡಬಹುದೇ ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಪರೀಕ್ಷಿಸಿ ನೋಡಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿಯನ್ನೇ ಹಿಡಿದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ನೆರೆಮನೆಯಲ್ಲಿ ಹುಟ್ಟಿದ ಕಾರ್ಯಕ್ರಮದ ಸುದ್ದಿ ನಮಗೇ ತಲುಪಿಲ್ಲ. ಅರಿವು ಕೇಂದ್ರದ ಬಾಗಿಲಿಗೆ ಸಹಾಯವಾಣಿಯ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ. ಅಕ್ಷರ ಬರೆದದ್ದು ಮೊಬೈಲ್ ಭೂತದ ಒಡತಿ.

ನವೆಂಬರ್

ರಾಜ್ಯೋತ್ಸವಕ್ಕೆ ಪ್ರದರ್ಶನ ಬೇಕೆಂದು ಹಿರಿಯರಿಂದ ಒತ್ತಾಯ ಬಂತು. ಬಹುಮಾನವೂ ಇದೆಯಂತೆ, ಫೋಟೊಗಳೂ ಬೇಕಂತೆ. ಮಕ್ಕಳ ಸಂಕಟಕ್ಕೆ ಮೊದಲನೆಯ, ಎರಡನೆಯ ಬಹುಮಾನ ಕೊಡುವ ಉತ್ಸಾಹ ಎಲ್ಲಿಂದ ಬರುತ್ತದೋ! ತೀರ್ಮಾನವನ್ನು ಹುಡುಗರಿಗೇ ಬಿಟ್ಟೆ. ಕಿಳ್ಳೇಕ್ಯಾತನ ಪ್ರಹಸನ ಮಾತ್ರ ಆಡಿದರು, ಉಳಿದ ಗೊಂಬೆಗಳು ಕಪಾಟಿನಲ್ಲೇ ಉಳಿದವು. ಪರ್ಸೆಂಟೇಜ್ ಅಜ್ಜಿಗೆ ಮಾತ್ರ ಅವಳ ಹುಡುಗನೇ ವಿನಾಯಿತಿ ಕೊಟ್ಟ. ಅವಳು ‘ಎಷ್ಟು ಬಂತು?’ ಎಂದಾಗ ಮುಂದಿನ ಸಾಲಿನ ಕೆಲವು ಹಿರಿಯರು ಮಗ್ಗುಲು ಬದಲಿಸಿದ್ದನ್ನು ಎಲ್ಲರೂ ನೋಡಿದರು.

ಡಿಸೆಂಬರ್

ಕಾಡುವುದನ್ನೇ ಎಷ್ಟು ದಿನ ಆಡಿಸುವುದು? ಈಗ ಮರ ಬಿಡಿಸುತ್ತಿದ್ದೇವೆ. ಆಫ್ರಿಕಾದ ದಕ್ಷಿಣ ಭಾಗದಲ್ಲಿ ಕಷ್ಟಕ್ಕೆ ಸಿಕ್ಕ ಮಕ್ಕಳಿಗಾಗಿ ಎನ್‌ಕಜೆಲೊ ಎನ್‌ಕುಬೆ ಮತ್ತು ಡೇವಿಡ್ ಡೆನ್‌ಬರೊ ರೂಪಿಸಿದ ಪದ್ಧತಿ ಇದು. ಬೇರಿನಲ್ಲಿ ಬಂದ ಊರು, ಮನೆತನ. ನೆಲದಲ್ಲಿ ದಿನದ ಬದುಕು. ಕಾಂಡದಲ್ಲಿ ಗೊತ್ತಿರುವ ಕೆಲಸ, ಕೊಂಬೆಯಲ್ಲಿ ಆಸೆ, ಎಲೆಗಳಲ್ಲಿ ಬೇಕಾದ ಜನ. ಎಲ್ಲರ ಮರಗಳನ್ನೂ ಗೋಡೆಗೆ ಹಚ್ಚಿ ಕಾಡು ಮಾಡಿದ ಮೇಲೆಯೇ ಬಿರುಗಾಳಿಯ ಮಾತು. ನಮ್ಮವರು ಹೆಚ್ಚಾಗಿ ಬೇವು ಬಿಡಿಸಿದರು. ಒಬ್ಬ ಬಳ್ಳಾರಿ ಜಾಲಿ ಬಿಡಿಸಿದ್ದಾನೆ, ಕಡಿದಷ್ಟೂ ಚಿಗುರುತ್ತದೆ ಎಂಬುದು ಅವನ ಸಮರ್ಥನೆ. ಎಲೆ ಬರೆಯುವಾಗ ಎಲ್ಲರೂ ತಡವರಿಸಿದರು. ಗ್ರಂಥಾಲಯದ ಮೇಲ್ವಿಚಾರಕರ ಹೆಸರು ಮೂರು ಮರಗಳಲ್ಲಿ ಕಂಡಿತು. ಅವರು ಅದನ್ನು ಓದಿ, ಕನ್ನಡಕ ಒರೆಸಿಕೊಂಡು, ಭಾನುವಾರದ ಬೀಗದ ಕೈಯನ್ನು ನನಗೇ ಕೊಟ್ಟಿದ್ದಾರೆ.

ಮುಂದಿನ ಕೆಲಸ: ಜನವರಿಯಲ್ಲಿ ಒಂದು ಭಾನುವಾರ ತಂದೆತಾಯಿಯರಿಂದಲೇ ಗೊಂಬೆ ಮಾಡಿಸಬೇಕು, ಅವರನ್ನು ಕಾಡುವುದರ ಗೊಂಬೆ. ಮಾರ್ಚಿನ ಪರೀಕ್ಷೆಗೆ ಮೊದಲೇ ಇದು ಆಗಬೇಕು. ಅಜ್ಜಿಯ ಹುಡುಗನ ಅಪ್ಪ ಬರುತ್ತೇನೆಂದಿದ್ದಾರೆ. ಅವರಿಗೆ ಚಿತ್ರ ಬರುವುದಿಲ್ಲವಂತೆ, ಕತ್ತರಿಸುವುದಾದರೆ ಸರಿಯಂತೆ. ಇನ್ನೊಂದಿಷ್ಟು ಕತ್ತರಿ, ದಪ್ಪ ಹಾಳೆ ತರಿಸಬೇಕು.